ವಿನೆಗರಿನ ಅಕ್ಕ

ಮಾರ್ಚ್ ಹನ್ನೆರಡರ ಬೆಳಿಗ್ಗೆ ಎಂಟೂ ನಲವತ್ತಕ್ಕೆ ಕಿರಾಣಿ ಅಂಗಡಿಯವನೊಬ್ಬ ಠಾಣೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದ. ಒಂದೇ ಕಾಲಿನಲ್ಲಿ ಚಪ್ಪಲಿ ಇತ್ತು. ಏದುಸಿರು ಬಿಡುತ್ತ ಅವನು ಹೇಳಿದ್ದಿಷ್ಟು: ಪಕ್ಕದ ಟೇಲರಮ್ಮನ ಹಿತ್ತಿಲಿನ ಜೇನುಪೆಟ್ಟಿಗೆಗಳಿಗೆ ಯಾರೋ ಏನೋ ವಿಷ ಹಾಕಿದ್ದಾರೆ, ಪೆಟ್ಟಿಗೆ ತೆರೆದ ಟೇಲರಮ್ಮನ ಕಣ್ಣಿಗೆ ಅದು ಸಿಡಿದಿದೆ, ಅವರನ್ನು ಆಸ್ಪತ್ರೆಗೆ ಸೇರಿಸಿ ನೇರ ಇಲ್ಲಿಗೇ ಓಡಿ ಬಂದಿದ್ದಾನೆ.

ಇನ್‌ಸ್ಪೆಕ್ಟರ್ ಕೈಯಲ್ಲಿದ್ದ ಚಹಾ ಲೋಟವನ್ನು ಕೆಳಗಿಟ್ಟರು. ಆ ಠಾಣೆಯಲ್ಲಿ ಟೇಲರಮ್ಮ ಯಾರೆಂದು ಯಾರೂ ಯಾರಿಗೂ ಹೇಳಬೇಕಿರಲಿಲ್ಲ. ಇನ್‌ಸ್ಪೆಕ್ಟರಮ್ಮನ ಸಮವಸ್ತ್ರ ಹಿಡಿದು ಅಲ್ಲಿನ ಅರ್ಧ ಬಟ್ಟೆ ಅವರ ಹೊಲಿಗೆಯೇ. ಹೆಡ್ ಕಾನ್‌ಸ್ಟೇಬಲ್ ಹೊಟ್ಟೆ ವರ್ಷಕ್ಕೆ ಎಷ್ಟು ಮುಂದೆ ಬರುತ್ತಿದೆ ಎಂಬುದು ಅವನ ಹೆಂಡತಿಗಿಂತ ಟೇಲರಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಆ ಹೆಡ್ ಕಾನ್‌ಸ್ಟೇಬಲ್‌ಗೆ ಎಲ್ಲರೂ ಕರೆಯುವ ಹೆಸರು ಮೂಗಣ್ಣ. ಯಾವ ವಾಸನೆಯನ್ನಾದರೂ ಹತ್ತು ಹೆಜ್ಜೆ ದೂರದಿಂದ ಗುರುತಿಸುತ್ತೇನೆಂಬ ಹೆಮ್ಮೆ ಅವನದು. ಒಂಬತ್ತರಲ್ಲಿ ಐದು ಸಲ ಅದು ನಿಜವೂ ಆಗುತ್ತಿತ್ತು.

ಆಸ್ಪತ್ರೆಯಲ್ಲಿ ಟೇಲರಮ್ಮ ಮಂಚದ ಮೇಲೆ ಅಂಗಾತ ಮಲಗಿದ್ದರು. ನರ್ಸ್ ಎರಡೂ ಕಣ್ಣಿಗೆ ಸಲೈನ್ ಹನಿಸುತ್ತಲೇ ಇದ್ದಳು.

“ಯಾರ ಮೇಲಾದ್ರೂ ಅನುಮಾನ ಇದೆಯಾ?” ಇನ್‌ಸ್ಪೆಕ್ಟರ್ ಕೇಳಿದರು.

“ಅನುಮಾನ ಆಮೇಲೆ. ನನ್ನ ನೊಣಗಳು ಎಷ್ಟು ಉಳಿದಿವೆ, ಅದನ್ನ ನೋಡಿ ಬನ್ನಿ.”

“ನಿಮ್ಮ ಕಣ್ಣಿಗೆ ಏನಾಯ್ತು ಹೇಳಿ.”

“ಬೆಳಿಗ್ಗೆ ಹಿತ್ತಿಲಿಗೆ ಹೋದೆ. ನೊಣ ರಾಶಿ ರಾಶಿ ಸತ್ತು ಬಿದ್ದಿದ್ವು. ಮುಚ್ಚಳ ತೆಗೆದೆ. ಒಳಗೆ ಒದ್ದೆ ಬಟ್ಟೆ ಇತ್ತು. ಎಳೆದೆ, ಸಿಡೀತು. ಅಷ್ಟೇ.”

ಕಣ್ಣು ಕಾಣದೆ ಹಾಕಿದ ಅವರ ಸಹಿ ಹೇಳಿಕೆಯ ಕೊನೆಯ ಸಾಲಿನ ಮೇಲೆ ಹತ್ತಿ ಕೂತಿತು. ಆ ಹೇಳಿಕೆಯ ಆಧಾರದ ಮೇಲೆ ಅಪರಿಚಿತ ಆರೋಪಿಯ ವಿರುದ್ಧ ಎಫ್‌ಐಆರ್ ದಾಖಲಾಯಿತು.

ಹೊರಗೆ ಬಂದಾಗ ಕಣ್ಣಿನ ಡಾಕ್ಟರು ಇನ್‌ಸ್ಪೆಕ್ಟರನ್ನು ಪಕ್ಕಕ್ಕೆ ಕರೆದರು. “ಬಿದ್ದಿರೋದು ಆಮ್ಲಾನಾ, ಕ್ಷಾರಾನಾ, ಅದು ನನಗೆ ಬೇಗ ಗೊತ್ತಾಗಬೇಕು. ಆಮ್ಲ ಸಾಮಾನ್ಯವಾಗಿ ಮೇಲ್ಪದರ ಸುಟ್ಟು ಅಲ್ಲೇ ನಿಂತುಬಿಡುತ್ತೆ. ಕ್ಷಾರ ಹಾಗಲ್ಲ, ಒಳಕ್ಕೆ ಇಳೀತಾನೇ ಹೋಗುತ್ತೆ. ಹೊಲಿಗೆ ಮೇಲೆ ಬದುಕೋ ಹೆಂಗಸು. ಸೂಜಿಗೆ ದಾರ ಪೋಣಿಸೋ ಕಣ್ಣು ಅದು.”

ಹತ್ತು ಗಂಟೆಗೆ ಹಿತ್ತಿಲಿನಲ್ಲಿ ಪಂಚನಾಮೆ ಶುರುವಾಯಿತು. ಎದುರು ಬೀದಿಯ ಬೀಗ ರಿಪೇರಿಯವನು ಮತ್ತು ಇಸ್ತ್ರಿ ಅಂಗಡಿಯವಳು ಪಂಚರು. ಮೋಟುಗೋಡೆಯೊಳಗೆ ಇಟ್ಟಿಗೆಗಳ ಮೇಲೆ ಎಂಟು ಪೆಟ್ಟಿಗೆಗಳು ಸಾಲಾಗಿದ್ದವು. ಏಳರಲ್ಲಿ ಸದ್ದಿಲ್ಲ. ಕೊನೆಯದರ ಮುಚ್ಚಳ ಸ್ವಲ್ಪ ಓರೆಯಾಗಿತ್ತು, ಒಳಗೆ ಇನ್ನೂ ಗುಂಯ್‌ಗುಡುತ್ತಿತ್ತು. ಟೇಲರಮ್ಮ ಎಳೆದ ಬಟ್ಟೆ ನೆಲದ ಮೇಲೆ ಬಿದ್ದಿತ್ತು. ಕೈಗವಸು ಹಾಕಿ ಉಳಿದ ಮುಚ್ಚಳಗಳನ್ನು ತೆಗೆದಾಗ ಪ್ರತಿಯೊಂದರಲ್ಲೂ ಮೇಣದ ಎರಿಗಳ ಮೇಲೆ ಮಡಿಸಿಟ್ಟ ದಪ್ಪ ಉಣ್ಣೆಬಟ್ಟೆಯ ತುಂಡು ಸಿಕ್ಕಿತು. ಬಟ್ಟೆಯ ಕೆಳಗೆ ಅಡ್ಡಲಾಗಿ ಎರಡು ತೆಳ್ಳನೆ ಕಡ್ಡಿ. ಇನ್‌ಸ್ಪೆಕ್ಟರ್ ಕಡ್ಡಿಗಳನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತರು.

ಮೂಗಣ್ಣ ದೂರದಿಂದಲೇ ಗಾಳಿ ಎಳೆದುಕೊಂಡ. “ವಿನೆಗರ್, ಮೇಡಂ. ಬರೆದುಕೊಳ್ಳಿ.”

“ವಿನೆಗರ್ ಬಿದ್ರೆ ಕಣ್ಣು ಹೀಗಾಗುತ್ತೇನ್ರೀ?”

“ಸ್ವಲ್ಪ ಕೋಪ ಬಂದಿರೋ ವಿನೆಗರ್ ಅನ್ಕೊಳಿ.”

ಇನ್‌ಸ್ಪೆಕ್ಟರ್ ಪ್ರಯೋಗಾಲಯಕ್ಕೆ ಫೋನ್ ಮಾಡಿದರು. ಅಲ್ಲಿನ ರಾಸಾಯನಿಕ ಪರೀಕ್ಷಕಿಗೆ ಪೊಲೀಸರೆಲ್ಲ ಲ್ಯಾಬಮ್ಮ ಎನ್ನುತ್ತಿದ್ದರು. ಆಕೆ ಪೂರ್ತಿ ಕೇಳಿ, “ಅಡುಗೆಮನೇಲಿ ಅರಿಶಿನ ಇದೆಯಾ ನೋಡಿ” ಅಂದರು.

“ಅಡುಗೆ ಮಾಡೋಕೆ ಫೋನ್ ಮಾಡ್ಲಿಲ್ಲ ನಾನು.”

“ಗೊತ್ತು. ನೀರಲ್ಲಿ ಕಲಸಿ ಬಿಳಿ ಕಾಗದಕ್ಕೆ ಬಳೀರಿ. ಚಿಮಟಿಗೇಲಿ ಹಿಡಿದು ಆ ಬಟ್ಟೆಗೆ ತಾಗಿಸಿ.”

ಕಾಗದ ಹಳದಿಯಾಗಿಯೇ ಉಳಿಯಿತು. ಇನ್ನೊಂದು ಚೂರಿಗೆ ಬಟ್ಟೆಸೋಪು ತಾಗಿಸಲು ಹೇಳಿದರು. ಅದು ಕಣ್ಣೆದುರೇ ಇಟ್ಟಿಗೆಕೆಂಪಾಯಿತು.

“ಗಟ್ಟಿ ಕ್ಷಾರ ಇದ್ದಿದ್ರೆ ಬಟ್ಟೆ ತಾಗಿದ್ದೂ ಹಾಗೇ ಕೆಂಪಾಗಬೇಕಿತ್ತು. ಡಾಕ್ಟರಿಗೆ ಹೇಳಿ, ಧೈರ್ಯವಾಗಿರಲಿ. ಆದ್ರೆ ಬಟ್ಟೆ ಇಲ್ಲಿಗೆ ತನ್ನಿ. ಅರಿಶಿನಕ್ಕೂ ಕಣ್ಣು ತಪ್ಪಿಸೋ ಸಾಧು ಪ್ರತ್ಯಾಮ್ಲಗಳಿವೆ. ಅನಿಲೀನ್ ಅಂತ ಒಂದಿದೆ, ಎಷ್ಟು ಬಡಕಲು ಅಂದ್ರೆ ಅರಿಶಿನಾನ ಅಲ್ಲಾಡಿಸೋದೂ ಇಲ್ಲ.”

ಡಾಕ್ಟರಿಗೆ ಸುದ್ದಿ ಮುಟ್ಟಿಸುವಷ್ಟರಲ್ಲಿ ಬೀದಿ ತನ್ನ ಅಪರಾಧಿಯನ್ನು ತಾನೇ ಹಿಡಿದಾಗಿತ್ತು. ಚರಂಡಿಗಳಿಗೆ ಔಷಧಿ ಸಿಂಪಡಿಸುವವನೊಬ್ಬನಿದ್ದ. ಹಿಂದಿನ ವಾರ ಜೇನು ಅವನ ಕಿವಿಗೆ ಕಚ್ಚಿ, ಕಿವಿ ಹಪ್ಪಳದಂತಾಗಿ, “ಒಂದಿನ ಇವಕ್ಕೆಲ್ಲ ಗತಿ ಕಾಣಿಸ್ತೀನಿ” ಎಂದು ಅವನು ನಡುಬೀದಿಯಲ್ಲಿ ಕೂಗಿದ್ದನ್ನು ಎಲ್ಲರೂ ಕೇಳಿದ್ದರು. ಅವನ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ‘ಕಾರ್ಬಾಲಿಕ್ ಆಸಿಡ್’ ಎಂದಿತ್ತು. ಇನ್ನೇನು ಬೇಕು!

“ನಿನ್ನೆಯೆಲ್ಲ ಎಲ್ಲಿದ್ದೆ?”

“ಇದೇ ಬೀದೀಲಿ, ಮೇಡಂ. ಕೆಲಸ ಇಲ್ಲೇ ಅಲ್ವಾ?”

“ಗತಿ ಕಾಣಿಸ್ತೀನಿ ಅಂದಿದ್ದೆಯಂತೆ.”

“ಅಂದೆ. ಕಿವಿ ಉರೀತಿತ್ತು. ಉರಿ ಹೋದ್ಮೇಲೆ ಟೇಲರಮ್ಮ ಒಂದು ಬಾಟಲಿ ಜೇನುತುಪ್ಪ ಕೊಟ್ರು. ಅರ್ಧ ತಿಂದಿದ್ದೀನಿ, ಇನ್ನರ್ಧ ಮನೇಲಿದೆ. ಬಂದು ನೋಡಿ ಬೇಕಾದ್ರೆ.”

ಅವನನ್ನು ಠಾಣೆಯಲ್ಲಿ ಕೂರಿಸಿ, ಡಬ್ಬದ ದ್ರವದ ಮಾದರಿಯನ್ನೂ ಬಟ್ಟೆಯನ್ನೂ ಸೀಲು ಮಾಡಿ ಇನ್‌ಸ್ಪೆಕ್ಟರ್, ಮೂಗಣ್ಣ ಇಬ್ಬರೂ ಮಧ್ಯಾಹ್ನ ಪ್ರಯೋಗಾಲಯ ತಲುಪಿದರು. ಅದು ಕಿಟಕಿಯಿಂದ ಬಿಸಿಲು ಬೀಳುವ ಉದ್ದನೆಯ ಕೋಣೆ. ಮೇಜಿನ ತುಂಬ ಗಾಜಿನ ನಳಿಕೆಗಳು. ಲ್ಯಾಬಮ್ಮ ಡಬ್ಬದ ಮಾದರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದರು. ಸೋಡಾ ತಳಕ್ಕಿಳಿದು ಸುಮ್ಮನೆ ಕೂತಿತು. ಬಟ್ಟೆಯಿಂದ ಹಿಂಡಿ ತೆಗೆದ ದ್ರವಕ್ಕೂ ಅಷ್ಟೇ ಸೋಡಾ ಹಾಕಿದರು. ಬುಸ್ಸೆಂದು ನೊರೆ ಉಕ್ಕಿ ನಳಿಕೆಯ ಬಾಯಿಗೆ ಬಂತು.

“ನಿಮ್ಮವನನ್ನ ಮನೆಗೆ ಕಳಿಸಿ,” ಅಂದರು ಲ್ಯಾಬಮ್ಮ. “ಕಾರ್ಬಾಲಿಕ್ ಆಸಿಡ್ ಹೆಸರಿಗಷ್ಟೇ ಆಸಿಡ್. ಸೋಡಾದಿಂದ ಗ್ಯಾಸ್ ಹೊರಡಿಸೋ ತಾಕತ್ತು ಅದಕ್ಕಿಲ್ಲ. ಹಾಗಂತ ಕೈ ಹಾಕೀರಿ, ಚರ್ಮ ಸುಡೋದಕ್ಕೆ ಅದೂ ಸಾಕು. ಸುಡೋದು ಬೇರೆ, ಆಮ್ಲದ ಬಲ ಬೇರೆ. ಬಟ್ಟೇಲಿರೋದು ಬೇರೆ ಕುಲದ್ದು. ವಿನೆಗರಿನ ಕುಲ.”

ಮೂಗಣ್ಣ ಎದೆಯುಬ್ಬಿಸಿ ಇನ್‌ಸ್ಪೆಕ್ಟರ ಕಡೆ ನೋಡಿದ.

“ಸ್ವಲ್ಪ ತಾಳಿ, ಮೂಗಣ್ಣ.” ಆಕೆ ಎರಡು ನಳಿಕೆಗಳಲ್ಲಿ ಪರ್ಮಾಂಗನೇಟಿನ ನೇರಳೆ ನೀರು ತೆಗೆದುಕೊಂಡು, ಒಂದಕ್ಕೆ ಕಪಾಟಿನ ಅಸಿಟಿಕ್ ಆಸಿಡ್, ಇನ್ನೊಂದಕ್ಕೆ ಬಟ್ಟೆಯ ದ್ರವ ಹಾಕಿ ಬಿಸಿನೀರಿನಲ್ಲಿ ನಿಲ್ಲಿಸಿದರು. ಮೊದಲನೆಯದು ನೇರಳೆಯಾಗಿಯೇ ಇತ್ತು. ಎರಡನೆಯದರ ಬಣ್ಣ ನೋಡನೋಡುತ್ತ ಕಂದಿ, ಕೊನೆಗೆ ಪೂರ್ತಿ ಹೋಯಿತು.

“ಇದು ಫಾರ್ಮಿಕ್ ಆಸಿಡ್. ಇರುವೆ ಕಚ್ಚಿದಾಗ ಚುರ್ ಅನ್ನಿಸುತ್ತಲ್ಲ, ಅದೇ. ವಿನೆಗರಿನ ಅಕ್ಕ ಅನ್ನಿ. ಒಂದೇ ಮನೆತನ, ವಾಸನೇನೂ ಹತ್ತಿರ ಹತ್ತಿರ, ಮೂಗಣ್ಣನ ತಪ್ಪಿಲ್ಲ. ಆದ್ರೆ ಆಮ್ಲವಾಗಿ ಅಕ್ಕ ತಂಗಿಗಿಂತ ಸುಮಾರು ಹತ್ತು ಪಟ್ಟು ಬಲಶಾಲಿ. ಅದೂ ಅಲ್ದೆ ಅಡುಗೆಮನೆ ವಿನೆಗರಲ್ಲಿ ಬಹುಪಾಲು ನೀರೇ. ಈ ಬಟ್ಟೇಲಿ ನೀರು ಹುಡುಕಬೇಕು.”

“ಇದು ಎಲ್ಲಿ ಸಿಗುತ್ತೆ?”

“ಚರ್ಮ ಹದ ಮಾಡೋ ಕಡೆ, ಉಣ್ಣೆಗೆ ಬಣ್ಣ ಹಾಕೋ ಕಡೆ. ಪೀಪಾಯಿಗಟ್ಟಲೆ.” ಲ್ಯಾಬಮ್ಮ ನಳಿಕೆಯನ್ನು ಸ್ಟ್ಯಾಂಡಿಗೆ ಸೇರಿಸಿದರು. “ಇನ್ನೊಂದು ಕಡೆನೂ ಬಳಸ್ತಾರೆ. ಜೇನು ಸಾಕೋರು.”

ಇನ್‌ಸ್ಪೆಕ್ಟರ್ ತಲೆಯೆತ್ತಿದರು.

“ನುಸಿ ಅಂತ ಒಂದು ಹುಳ ಜೇನಿನ ಮರಿಗಳಿಗೆ ಅಂಟಿ ರಕ್ತ ಹೀರುತ್ತೆ. ಅದಕ್ಕೆ ಇದೇ ಔಷಧಿ. ಚೆನ್ನಾಗಿ ನೀರು ಬೆರೆಸಿ, ತಂಪಾಗಿರೋ ದಿನ ನೋಡಿ, ಮುಚ್ಚಳದ ಕೆಳಗೆ ಸ್ವಲ್ಪವೇ ಇಡ್ತಾರೆ. ಆವಿಗೆ ನುಸಿ ಸಾಯುತ್ತೆ, ನೊಣ ಬದುಕುತ್ತೆ. ನಿನ್ನೆಯಂಥ ಬಿಸಿಲಲ್ಲಿ ನೀರು ಬೆರೆಸದೆ ಇಟ್ರೆ ಎರಡೂ ಸಾಯ್ತವೆ.”

“ಬಟ್ಟೆ ಕೆಳಗೆ ಕಡ್ಡಿ ಇಟ್ಟಿದ್ರು,” ಇನ್‌ಸ್ಪೆಕ್ಟರ್ ಮೆಲ್ಲಗೆ ಅಂದರು. “ಒದ್ದೆ ಬಟ್ಟೆ ಎರಿಗೆ ತಾಗದೇ ಇರಲಿ ಅಂತ.”

“ಕೊಲ್ಲೋಕೆ ಬಂದೋರು ಸುರಿದು ಹೋಗ್ತಾರೆ. ಕಡ್ಡಿ ಹುಡುಕ್ತಾ ಕೂರಲ್ಲ.”

ವಾಪಸು ಬರುವಾಗ ಜೀಪಿನಲ್ಲಿ ಮೂಗಣ್ಣ ಕೇಳಿದ: “ಔಷಧಿ ಹಾಕೋಕೆ ಕದ್ದು ಬರೋರು ಯಾರು, ಮೇಡಂ?” ಇನ್‌ಸ್ಪೆಕ್ಟರ ತಲೆಯಲ್ಲೂ ಅದೇ ಸುತ್ತುತ್ತಿತ್ತು.

ಹದಿಮೂರರ ಬೆಳಿಗ್ಗೆ ಕಿರಾಣಿಯವನ ಹೇಳಿಕೆಯನ್ನು ವಿವರವಾಗಿ ಪಡೆಯಲಾಯಿತು. ಈ ಸಲ ಅವನ ಎರಡೂ ಕಾಲಲ್ಲಿ ಚಪ್ಪಲಿ ಇತ್ತು, ಮಾತೂ ನಿಧಾನವಾಗಿತ್ತು.

“ಟೇಲರಮ್ಮ ಕೂಗಿಕೊಂಡ್ರು. ಕಣ್ಣಿಗೇ ಜೇನು ಕಚ್ಚಿದೆ ಅನ್ಕೊಂಡೆ. ಕಚ್ಚಿದ್ದಕ್ಕೆ ಸೋಡಾ ಹಚ್ತಾರಲ್ವಾ, ಅಂಗಡಿಯಿಂದ ಒಂದು ಮುಷ್ಟಿ ಸೋಡಾ ಕಲಸಿ ತಂದೆ.”

“ಹಚ್ಚಿದ್ರಾ?”

“ಎಲ್ಲಿ ಹಚ್ಚಲಿ, ಬಿಡಲೇ ಇಲ್ಲ. ‘ಸೋಡಾ ಬೇಡಣ್ಣಾ, ಅದು ಕಚ್ಚಿದ್ದಲ್ಲ! ನೀರು ಹಾಕು, ಬರೀ ನೀರು, ಕಣ್ಣು ಬಿಡಿಸಿ ಸುರೀತಾನೇ ಇರು’ ಅಂತ ಒಂದೇ ಸಮ ಕೂಗಿದ್ರು. ನಲ್ಲಿ ಪೈಪು ಹಿಡಿದೆ.”

“ಯಾರು ಕೂಗಿದ್ದು?”

“ಯಾರೋ ಹೆಂಗಸು. ಮೇಲಿನಿಂದ. ಗಾಬರೀಲಿ ತಿರುಗಿ ನೋಡ್ಲಿಲ್ಲ.”

ಇನ್‌ಸ್ಪೆಕ್ಟರ ಪೆನ್ನು ಅಲ್ಲೇ ನಿಂತಿತು. ಆ ನೀರಿನಿಂದಲೇ ಕಣ್ಣು ಉಳಿಯಿತೆಂದು ಡಾಕ್ಟರು ಹಿಂದಿನ ಸಂಜೆ ಹೇಳಿದ್ದರು. ಆಮ್ಲ, ಪ್ರತ್ಯಾಮ್ಲ ಎರಡೂ ಕಣ್ಣೊಳಗೇ ಜಗಳಕ್ಕೆ ಬಿದ್ದಿದ್ದರೆ ಗಾಯ ಇನ್ನೂ ಕೆಡುತ್ತಿತ್ತು ಎಂದೂ ಹೇಳಿದ್ದರು. ಆದರೆ ಆ ಹೊತ್ತಿನಲ್ಲಿ ಕಣ್ಣಿಗೆ ಬಿದ್ದದ್ದು ಆಮ್ಲವೆಂದು ಟೇಲರಮ್ಮನಿಗೇ ತಿಳಿದಿರಲಿಲ್ಲ. ಕಿರಾಣಿಯವನಿಗೆ ತಿಳಿದಿರಲಿಲ್ಲ. ಕೂಗಿದವಳಿಗೆ ಮಾತ್ರ ತಿಳಿದಿತ್ತು.

ಅವರು ಮತ್ತೆ ಆಸ್ಪತ್ರೆಗೆ ಹೋದರು. ಟೇಲರಮ್ಮನ ಕಣ್ಣಿಗೆ ಪಟ್ಟಿ ಕಟ್ಟಿದ್ದರು.

“ನಿಮ್ಮ ಪೆಟ್ಟಿಗೆಗಳಿಗೆ ನುಸಿ ಹಿಡಿದಿತ್ತಾ?”

ಟೇಲರಮ್ಮ ತುಟಿ ಬಿಗಿಹಿಡಿದರು. “ಹಿಡಿಯುತ್ತೆ, ಹೋಗುತ್ತೆ. ಅಪ್ಪ ಮೂವತ್ತು ವರ್ಷ ಜೇನು ಸಾಕಿದ. ಒಂದು ಹನಿ ಔಷಧಿ ಹಾಕಿದವನಲ್ಲ.”

“ಅಪ್ಪನ ಹತ್ರ ಜೇನು ಸಾಕೋದು ಕಲಿತೋರು ನೀವೊಬ್ಬರೇನಾ?”

ಟೇಲರಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

“ಟೇಲರಮ್ಮ?”

“ತಂಗಿ ಇದ್ದಾಳೆ. ಅಪ್ಪ ಹೋದ್ಮೇಲೆ ಪೆಟ್ಟಿಗೆಗಳನ್ನ ಸಮವಾಗಿ ಹಂಚಿಕೊಂಡ್ವಿ. ಅವಳವಕ್ಕೆ ನುಸಿ ಬಂತು. ಔಷಧಿ ಹಾಕ್ತೀನಿ ಅಂದ್ಲು, ನಾನು ಬೇಡ ಅಂದೆ. ನನ್ನ ಮಾತು ಕೇಳಿದ್ಲು. ಒಂದೇ ಚಳಿಗಾಲಕ್ಕೆ ಎಲ್ಲಾ ಸತ್ವು. ‘ನಿನ್ನ ಹಟದಿಂದ ಹೋದ್ವು’ ಅಂದ್ಲು. ನಾನು…” ಅವರ ಕೈ ಹೊದಿಕೆಯ ಅಂಚನ್ನು ಅಳತೆ ಹಿಡಿಯುವಂತೆ ಗೇಣು ಹಾಕುತ್ತಿತ್ತು. “‘ಜೇನು ಸಾಕೋಕೆ ಕೈಗುಣ ಬೇಕು, ನಿನಗಿಲ್ಲ’ ಅಂದುಬಿಟ್ಟೆ. ಮೂರು ವರ್ಷ ಆಯ್ತು, ಮಾತಿಲ್ಲ.”

“ಎಲ್ಲಿದ್ದಾರೆ ಅವರು?”

“ಹಿತ್ತಿಲಿನ ಹಿಂದಿನ ಬಣ್ಣದ ಕಾರ್ಖಾನೇಲಿ. ಉಣ್ಣೆಗೆ ಬಣ್ಣ ಬೆರೆಸ್ತಾಳೆ.” ಅಷ್ಟು ಹೇಳಿದ ಮೇಲೆ ಟೇಲರಮ್ಮನಿಗೆ ತಾನು ಹೇಳಿದ್ದು ಏನೆಂದು ಹೊಳೆಯಿತು. ಎದ್ದು ಕೂತರು. “ಇನ್‌ಸ್ಪೆಕ್ಟ್ರಮ್ಮಾ, ಅವಳಲ್ಲ. ಅವಳಿಗೆ ಸೊಳ್ಳೆ ಹೊಡೆಯೋಕೂ ಕೈ ಬರಲ್ಲ.”

“ಅದು ನನಗೂ ಗೊತ್ತಾಗಿದೆ,” ಅಂದರು ಇನ್‌ಸ್ಪೆಕ್ಟರ್.

ಕಾರ್ಖಾನೆಯ ಮಹಡಿಯಲ್ಲಿ ಬಿಸಿ ಉಣ್ಣೆಯ ಹಬೆ ಕವಿದಿತ್ತು. ಬಾಗಿಲ ಪಕ್ಕದ ಫಲಕ: ‘ಕಣ್ಣಿಗೆ ಆಸಿಡ್ ಬಿದ್ದರೆ ನೀರು ಮಾತ್ರ. ಬೇರೇನೂ ಹಾಕಬೇಡಿ.’ ಮೂಲೆಯಲ್ಲಿ ನೀಲಿ ಪೀಪಾಯಿಗಳ ಸಾಲು. ಮೂಗಣ್ಣ ಹತ್ತಿರ ಹೋಗಿ ಮೂಸಿ, ಕೆಮ್ಮಿ, ತಲೆಯಾಡಿಸಿದ. ಕಿಟಕಿಯ ಕೆಳಗೇ ಟೇಲರಮ್ಮನ ಹಿತ್ತಿಲು ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಕಿಟಕಿಯ ಬಳಿ ಮೊಣಕೈವರೆಗೆ ನೀಲಿ ಹತ್ತಿದ್ದ ಹೆಂಗಸೊಬ್ಬಳು ಕಡಾಯಿ ಕದಡುತ್ತಿದ್ದಳು. ಜೊತೆಯವರು ಅವಳನ್ನು ಬಣ್ಣದಕ್ಕ ಎನ್ನುತ್ತಿದ್ದರು.

“ನಿನ್ನೆ ಬೆಳಿಗ್ಗೆ ‘ಸೋಡಾ ಬೇಡ’ ಅಂತ ಕೂಗಿದ್ದು ನೀವೇನಾ?”

ಕಡಾಯಿಯಲ್ಲಿ ಸುತ್ತುತ್ತಿದ್ದ ಕೋಲು ನಿಂತಿತು. “ಅಕ್ಕನ ಕಣ್ಣು ಹೇಗಿದೆ?”

“ಮೊದಲು ನಾನು ಕೇಳಿದ್ದಕ್ಕೆ ಹೇಳಿ.”

“ಮೊದಲು ನೀವು ಕಣ್ಣಿನ ವಿಷಯ ಹೇಳಿ, ಮೇಡಂ. ಆಮೇಲೆ ಏನು ಕೇಳಿದ್ರೂ ಹೂಂ ಅಂತೀನಿ.”

ಇನ್‌ಸ್ಪೆಕ್ಟರ್ ಹದಿನಾರು ವರ್ಷದ ಸೇವೆಯಲ್ಲಿ ಎಷ್ಟೋ ಷರತ್ತುಗಳನ್ನು ಕೇಳಿದ್ದರು. ಇಂಥದ್ದನ್ನು ಕೇಳಿರಲಿಲ್ಲ. “ಮೇಲ್ಪದರ ಸುಟ್ಟಿದೆ. ವಾಸಿಯಾಗುತ್ತೆ ಅಂದಿದ್ದಾರೆ ಡಾಕ್ಟ್ರು. ಸೂಜಿಗೆ ದಾರ ಪೋಣಿಸ್ತಾರೆ.”

ಬಣ್ಣದಕ್ಕ ಕೋಲು ಬಿಟ್ಟು ನೆಲದ ಮೇಲೆ ಕೂತುಬಿಟ್ಟಳು. ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಾಗ ಹಣೆಗೆಲ್ಲ ನೀಲಿ ಹತ್ತಿತು. ಆಮೇಲೆ ಮಾತು ಕಟ್ಟೆಯೊಡೆದಂತೆ ಬಂತು. ತನ್ನ ಪೆಟ್ಟಿಗೆಗಳಿಗೆ ನುಸಿ ಬಂದಾಗ, ಔಷಧಿ ಹಾಕಲ್ಲವೆಂದು ಅಕ್ಕನಿಗೆ ಮಾತು ಕೊಟ್ಟದ್ದಕ್ಕೆ, ಬರೀ ಅಡುಗೆಮನೆಯ ವಿನೆಗರ್ ಇಟ್ಟು ನೋಡಿದ್ದಳಂತೆ. ನುಸಿ ಜಗ್ಗಲಿಲ್ಲ. ಈ ಸಲ ಅಕ್ಕನ ಪೆಟ್ಟಿಗೆಗಳಿಗೆ ನುಸಿ ಬಂದಾಗ ಕಾರ್ಖಾನೆಯ ಆಸಿಡನ್ನೇ ತೆಗೆದುಕೊಂಡಳು. ಇದೂ ಹುಳಿ, ಅದೂ ಹುಳಿ, ಇದು ಸ್ವಲ್ಪ ಜೋರು ಅಷ್ಟೇ ತಾನೇ ಅಂದುಕೊಂಡಳು.

“ನೀರು ಬೆರೆಸಬೇಕು ಅಂತ ಗೊತ್ತಿರಲಿಲ್ವಾ?”

“ವಿನೆಗರ್ ಸೋತಿತ್ತಲ್ಲ, ಇದೂ ಸೋತ್ರೆ ಅಂತ ಹೆದರಿಕೆ ಆಯ್ತು. ಹಾಗೇ ಇಟ್ಟೆ.”

“ಯಾವಾಗ?”

“ಮೊನ್ನೆ ಮಧ್ಯಾಹ್ನ. ಅಕ್ಕ ಗುಂಡಿ, ದಾರ ತರೋಕೆ ಹೋಗಿದ್ಲು. ಕೊನೇ ಪೆಟ್ಟಿಗೆ ಮುಚ್ಚುವಾಗ ಯಾರೋ ಬಂದ ಸದ್ದಾಯ್ತು, ಓಡಿದೆ. ಸಂಜೆ ಇಲ್ಲಿಂದ ನೋಡಿದ್ರೆ ನೊಣ ಬೀಳ್ತಾ ಇದ್ವು. ಬೆಳಿಗ್ಗೆ ಹೋಗಿ ಕಾಲು ಹಿಡಿಯೋಣ ಅಂತ ಬೇಗ ಬಂದೆ. ಅಷ್ಟರಲ್ಲಿ ಅವಳು ಮುಚ್ಚಳ ತೆಗೆದುಬಿಟ್ಟಿದ್ಲು. ಆಮೇಲೆ ಆಸ್ಪತ್ರೆ ಗೇಟಿನ ತನಕ ಹೋಗಿದ್ದೆ. ಒಳಗೆ ಹೋಗೋಕೆ ಕಾಲೇ ಬರಲಿಲ್ಲ.”

ಮಧ್ಯಾಹ್ನ ಹನ್ನೆರಡೂವರೆಗೆ ಬಣ್ಣದಕ್ಕನನ್ನು ದಸ್ತಗಿರಿ ಮಾಡಲಾಯಿತು. ಪೀಪಾಯಿಯಿಂದ ಮಾದರಿ ತೆಗೆದು, ಉಳಿದ ಉಣ್ಣೆಬಟ್ಟೆಯನ್ನು ವಶಪಡಿಸಿಕೊಂಡು, ಪಂಚರ ಸಹಿ ಪಡೆದರು. ಠಾಣೆಯಲ್ಲಿ ಮೂಗಣ್ಣ ತಾನಾಗಿಯೇ ಒಂದು ತುಂಡು ಸೋಪು ತಂದು ಕೊಟ್ಟ. ಅವಳು ಕೈ ತೊಳೆದಳು. ಬಣ್ಣ ಹೋಗಲಿಲ್ಲ.

ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಜೀಪು ಹೊರಡುವ ಹೊತ್ತಿಗೆ ಗೇಟಿನಲ್ಲಿ ಗಲಾಟೆ ಕೇಳಿಸಿತು. ಡಾಕ್ಟರ ಮಾತು ಮೀರಿ, ಕಿರಾಣಿಯವನ ಭುಜ ಹಿಡಿದುಕೊಂಡು ಟೇಲರಮ್ಮ ಬಂದಿದ್ದರು. ಕಣ್ಣಿನ ಮೇಲೆ ಪಟ್ಟಿ, ಕಾಲಲ್ಲಿ ಆಸ್ಪತ್ರೆಯ ಚಪ್ಪಲಿ.

“ದೂರು ವಾಪಸ್ ತಗೋತೀನಿ.”

“ಇಲ್ಲಿ ಆಗಲ್ಲ, ಟೇಲರಮ್ಮ. ಕೋರ್ಟಲ್ಲಿ ಹೇಳಬೇಕು. ಜಾಮೀನು ಸಿಗುತ್ತೆ, ಸಂಜೆಗೆ ಮನೇಲಿರ್ತಾರೆ.”

“ಹಾಗಾದ್ರೆ ಒಂದು ಮಾತು ಆಡಬಹುದಾ?”

ಇನ್‌ಸ್ಪೆಕ್ಟರ್ ಅವರ ಕೈಯನ್ನು ಜೀಪಿನ ಸರಳಿಗೆ ಮುಟ್ಟಿಸಿದರು. ಒಳಗೆ ಬಣ್ಣದಕ್ಕ ಉಸಿರು ಬಿಗಿಹಿಡಿದು ಕೂತಿದ್ದಳು. ಟೇಲರಮ್ಮ ಅವಳಿದ್ದಾಳೆಂದು ಊಹಿಸಿದ ಕಡೆಗೆ ಮುಖ ತಿರುಗಿಸಿದರು. ಮೂರು ವರ್ಷದ ಮೇಲೆ ಅಕ್ಕ ಆಡಿದ ಮೊದಲ ಮಾತು:

“ಊಟ ಆಯ್ತೇನೇ, ಪುಟ್ಟಿ?”

“ಇಲ್ಲ, ಅಕ್ಕ.”

“ಹಸಿವು ತಡೆಯೋಳಲ್ಲ ಇವಳು,” ಟೇಲರಮ್ಮ ಇನ್‌ಸ್ಪೆಕ್ಟರಿಗೆ ಗದರುವ ದನಿಯಲ್ಲಿ ಹೇಳಿದರು. ಮತ್ತೆ ಒಳಗೆ ತಿರುಗಿ, “ಒಂದು ಪೆಟ್ಟಿಗೆ ಉಳಿದಿದೆಯಂತೆ. ಪಟ್ಟಿ ಬಿಚ್ಚೋ ತನಕ ನನ್ನ ಕೈಲಾಗಲ್ಲ. ನೀನು ನೋಡ್ಕೋ. ಔಷಧಿ ಹಾಕೋದಾದ್ರೆ ಲ್ಯಾಬಮ್ಮ ಅಂತ ಇದ್ದಾರಂತೆ, ಅವರನ್ನ ಕೇಳಿ, ಅಳತೆ ಹಿಡಿದು ನೀರು ಬೆರೆಸಿ ಹಾಕು.”

ಬಣ್ಣದಕ್ಕ ಸರಳಿನ ಮೇಲಿದ್ದ ಅಕ್ಕನ ಬೆರಳುಗಳ ಮೇಲೆ ತನ್ನ ನೀಲಿ ಬೆರಳುಗಳನ್ನಿಟ್ಟಳು. ಮೂಗಣ್ಣ ಜೀಪಿನ ಕೀಲಿಯನ್ನು ಜೇಬಿನಲ್ಲಿ ಎಷ್ಟು ಹುಡುಕಿದರೂ ಸಿಗದವನಂತೆ ಹುಡುಕುತ್ತಲೇ ಇದ್ದ.

ದಾರಿಯಲ್ಲಿ ಒಂದು ಸಣ್ಣ ಹೋಟೆಲಿನ ಮುಂದೆ ಜೀಪು ನಿಲ್ಲಿಸಿ ಅವಳಿಗೆ ಊಟ ಕೊಡಿಸಿದರು. ಅವಳು ತಿಂದು ಮುಗಿಸಿದ ಮೇಲೆ ಇನ್‌ಸ್ಪೆಕ್ಟರ್ ದಾಖಲೆಗೆ ಬೇಕಿಲ್ಲದ ಒಂದು ಪ್ರಶ್ನೆ ಕೇಳಿದರು.

“ಒಂದು ಗೋಡೆ ಆಚೆ ಇದ್ರಿ. ಕರೆದು ಹೇಳಬಹುದಿತ್ತಲ್ವಾ?”

ಬಣ್ಣದಕ್ಕ ಕಿಟಕಿಯಾಚೆ ನೋಡುತ್ತಿದ್ದಳು. “ದಿನಾ ಮಧ್ಯಾಹ್ನ ಕಾರ್ಖಾನೆಯ ಆ ಕಿಟಕಿ ಹತ್ರಾನೇ ಊಟಕ್ಕೆ ಕೂತ್ಕೋತಿದ್ದೆ, ಮೇಡಂ. ನುಸಿ ಹಿಡಿದ ಮರಿ ನೊಣಗಳು ರೆಕ್ಕೆ ಸೊಟ್ಟಗಾಗಿ ಕೆಳಗೆ ಬಿದ್ದು ಒದ್ದಾಡೋವು. ಅಕ್ಕ ಒಂದೊಂದನ್ನೂ ಎತ್ತಿ ಹೂವಿನ ಮೇಲೆ ಬಿಡೋಳು. ಹಾರಲ್ಲ ಅಂತ ಅವಳಿಗೂ ಗೊತ್ತು. ಕರೆಯೋಣ ಅಂತ ಎಷ್ಟು ಸಲ ಬಾಯಿ ತೆರೆದೆ. ಮಾತು ಬರಲೇ ಇಲ್ಲ. ಗೋಡೆ ಹತ್ತೋದೇ ಸುಲಭ ಅನ್ನಿಸ್ತು.”